ಚಿಕ್ಕ ಹಾಯಿದೋಣಿಗೆ ಹೊಸ ರಿಗ್ಗಿಂಗ್: ತಂತಿಗಿಂತ ಮೊದಲು ಅದರ ತುದಿ ನೋಡಿ

ಹಳೆಯ ಹಾಯಿದೋಣಿ ಕೊಂಡವರು ಮೊದಲ ವರ್ಷ ಹಾಯಿ, ಬಣ್ಣ, ಎಂಜಿನ್ ಅಂತ ಓಡಾಡುತ್ತಾರೆ. ಮಾಸ್ಟನ್ನು, ಅಂದರೆ ಹಾಯಿ ಕಟ್ಟುವ ಕಂಬವನ್ನು, ನಾಲ್ಕೂ ಕಡೆಯಿಂದ ಹಿಡಿದು ನಿಲ್ಲಿಸಿರುವ ತಂತಿಗಳ (ಇವೇ ರಿಗ್ಗಿಂಗ್) ಕಡೆ ಕಣ್ಣು ಹೋಗುವುದು ಆಮೇಲೆ. ಅವು ಹೊಳೆಯುತ್ತಲೇ ಇರುತ್ತವೆ. ಹೊಳೆಯುತ್ತಿದ್ದರೆ ಚೆನ್ನಾಗಿದೆ ಅಂತಲೇ ನಮ್ಮ ಲೆಕ್ಕ. ಒಂದು ದಿನ ಪಕ್ಕದ ದೋಣಿಯವರು ಕೇಳುತ್ತಾರೆ: "ಈ ರಿಗ್ಗಿಂಗ್ ಎಷ್ಟು ವರ್ಷದ್ದು?" ಉತ್ತರ ಗೊತ್ತಿರುವುದಿಲ್ಲ. ತಲೆಬಿಸಿ ಶುರುವಾಗುವುದೇ ಅಲ್ಲಿಂದ.

ಬದಲಿಸಬೇಕು ಅಂತ ತೀರ್ಮಾನ ಮಾಡಿದ ಮೇಲೂ ಗೊಂದಲ ಮುಗಿಯುವುದಿಲ್ಲ. ಇದ್ದಂಥದ್ದೇ ಸ್ಟೀಲ್ ತಂತಿ ಹಾಕಿಸೋದಾ, ಡೈನೀಮಾ (ಬಹಳ ಗಟ್ಟಿಯಾದ ಪ್ಲಾಸ್ಟಿಕ್ ನೂಲಿನ) ಹಗ್ಗಕ್ಕೆ ಹೋಗೋದಾ? ತುದಿಗಳನ್ನು ಮೆಷಿನ್ನಿನಲ್ಲಿ ಸ್ವೇಜ್ ಮಾಡಿಸೋದಾ (ಕೊಳವೆಯೊಳಗೆ ಒತ್ತಿಸೋದಾ), ಇಲ್ಲ ನಾವೇ ಸ್ಪ್ಯಾನರ್ ಹಿಡಿದು ಕೂಡಿಸುವ ಟರ್ಮಿನಲ್, ಅಂದರೆ ತುದಿಯ ಬಿಡಿಭಾಗ, ತರೋದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸುಮಾರು ಐದರಿಂದ ಒಂಬತ್ತು ಮೀಟರ್ ಉದ್ದದ ದೋಣಿ ಇಟ್ಟುಕೊಂಡು ಈ ಪ್ರಶ್ನೆಯಲ್ಲಿ ಸಿಕ್ಕಿಕೊಂಡವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ತಂತಿ ನಟ್ಟನಡುವೆ ತುಂಡಾಗುವುದು ಬಹಳ ಅಪರೂಪ. ಕೈಕೊಡುವುದು ತುದಿ. ತಂತಿ ಟರ್ಮಿನಲ್ಲಿನ ಒಳಗೆ ಹೋಗುವ ಜಾಗ, ಪಿನ್ ಕೂರುವ ಕಣ್ಣು, ಡೆಕ್ಕಿನ ಒಳಗೆ ಕಾಣದಂತೆ ಕೂತು ತಂತಿಯನ್ನು ದೋಣಿಗೆ ಹಿಡಿದಿಡುವ ಲೋಹದ ಪಟ್ಟಿ, ಅಂದರೆ ಚೈನ್‌ಪ್ಲೇಟ್. ಆದರೆ ನಾವು ವಾರಗಟ್ಟಲೆ ಚರ್ಚೆ ಮಾಡುವುದು ತಂತಿ ಯಾವುದು ಅನ್ನುವ ಬಗ್ಗೆ.

ನನಗೆ ಇದು ಅರ್ಥವಾಗಿದ್ದು ಒಂದು ಭೂತಗನ್ನಡಿಯಿಂದ. ನನ್ನ ಹಳೆಯ ದೋಣಿಯ ಎಡಬದಿಯ ಕೆಳ ಶ್ರೌಡ್ (ಮಾಸ್ಟನ್ನು ಪಕ್ಕದಿಂದ ಹಿಡಿಯುವ ತಂತಿಗೆ ಶ್ರೌಡ್ ಅನ್ನುತ್ತಾರೆ). ತಂತಿ ಕನ್ನಡಿಯ ಹಾಗಿತ್ತು. ಅದರ ಕೆಳತುದಿಯಲ್ಲಿ, ತಂತಿ ಸ್ವೇಜಿನ ಒಳಗೆ ಇಳಿಯುವ ಜಾಗದಲ್ಲಿ, ಕಂದು ಬಣ್ಣದ ತೆಳ್ಳಗಿನ ಒಂದು ಗೆರೆ. ಬೆರಳಿನಿಂದ ಒರೆಸಿದರೆ ಹೋಯಿತು. ಎರಡು ವಾರ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಬಂದಿತ್ತು. ಭೂತಗನ್ನಡಿ ಇಟ್ಟು ನೋಡಿದೆ. ಸ್ವೇಜಿನ ಉದ್ದಕ್ಕೆ, ಕೂದಲೆಳೆಯಷ್ಟು ಸಣ್ಣ ಬಿರುಕು, ಬಾಯಿಯಿಂದ ಕೆಳಕ್ಕೆ ಒಂದು ಬೆರಳಗಲ ಇಳಿದಿತ್ತು. ಹಿಂದಿನ ಭಾನುವಾರವಷ್ಟೇ ಜೋರು ಗಾಳಿಯಲ್ಲಿ ಅದನ್ನು ನಂಬಿಕೊಂಡು ಹೋಗಿ ಬಂದಿದ್ದೆ.

ಸ್ಟೇನ್‌ಲೆಸ್ ಸ್ಟೀಲಿನ ಗುಣವೇ ಹಾಗೆ. ಗಾಳಿ ತಾಗುತ್ತಿದ್ದರೆ ಅದರ ಮೈಮೇಲೆ ಒಂದು ತೆಳು ಪದರ ತಾನಾಗಿಯೇ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಗಾಳಿ ಹೋಗದ ಸಂದಿಯಲ್ಲಿ ಉಪ್ಪುನೀರು ನಿಂತರೆ ಆ ಪದರ ಮತ್ತೆ ಕಟ್ಟುವುದಿಲ್ಲ. ತುಕ್ಕು ಒಳಗಿನಿಂದ ತಿನ್ನುತ್ತಾ ಹೋಗುತ್ತದೆ, ಹೊರಗೆ ಹೊಳಪು ಹಾಗೇ ಇರುತ್ತದೆ. ಮೇಲಿನ ತುದಿಯ ಸ್ವೇಜ್ ತಲೆಕೆಳಗಾಗಿ ಇರುವುದರಿಂದ ನೀರು ಇಳಿದುಹೋಗುತ್ತದೆ. ಕೆಳಗಿನದು ಬಟ್ಟಲಿನ ಹಾಗೆ ಬಾಯಿ ಮೇಲಕ್ಕೆ ಮಾಡಿಕೊಂಡು ನಿಂತಿರುತ್ತದೆ. ತಂತಿಯ ಸಂದಿಗುಂಟ ಇಳಿದ ನೀರೆಲ್ಲ ಅಲ್ಲಿಗೇ ಬರುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದಿನ ಆಯ್ಕೆ ಅರ್ಧ ಸುಲಭ.

ಏನೇನು ನೋಡಿ ಆರಿಸಬೇಕು

ಮೊದಲು ದೋಣಿ ಎಲ್ಲಿರುತ್ತದೆ ನೋಡಿ. ವರ್ಷಪೂರ್ತಿ ಉಪ್ಪುನೀರಿನಲ್ಲಿ ತೇಲುವ ದೋಣಿಗೂ, ಸಿಹಿನೀರಿನ ಕೆರೆಯಲ್ಲಿ ಇರುವ ದೋಣಿಗೂ, ಟ್ರೈಲರ್ ಮೇಲೆ ಮನೆಗೆ ಬರುವ ದೋಣಿಗೂ ಒಂದೇ ಉತ್ತರ ಇಲ್ಲ. ಉಪ್ಪಿನಲ್ಲಿ ತುಕ್ಕು ಶತ್ರು. ಟ್ರೈಲರ್ ದೋಣಿಗೆ ಶತ್ರು ಬೇರೆ: ಪ್ರತಿ ಸಲ ಮಾಸ್ಟ್ ಎತ್ತಿ ಇಳಿಸುವಾಗ ತಂತಿ ಟರ್ಮಿನಲ್ ಹತ್ತಿರ ಮಡಚಿಕೊಳ್ಳುವುದು.

ಎರಡನೆಯದು, ತುದಿಯನ್ನು ನೀವೇ ಬಿಚ್ಚಿ ನೋಡಲು ಆಗುತ್ತದಾ? ನಾನು ಇದಕ್ಕೆ ಎಲ್ಲಕ್ಕಿಂತ ಜಾಸ್ತಿ ಅಂಕ ಕೊಡುತ್ತೇನೆ.

ಮೂರನೆಯದು ಹಿಗ್ಗುವಿಕೆ. ಗಾಳಿ ಬಿದ್ದಾಗ ತಂತಿ ಹಿಗ್ಗಿದರೆ ಮಾಸ್ಟ್ ವಾಲುತ್ತದೆ, ಮುಂದಿನ ಹಾಯಿಯ ಅಂಚು ಜೋತು ಬೀಳುತ್ತದೆ, ದೋಣಿ ಗಾಳಿಗೆ ಎದುರು ಏರುವುದು ಕಡಿಮೆಯಾಗುತ್ತದೆ. ನಾಲ್ಕನೆಯದು ಮೇಲಿನ ತೂಕ. ಮಾಸ್ಟಿನ ತುದಿಯಲ್ಲಿ ಒಂದು ಕಿಲೋ ಉಳಿಸಿದರೆ ದೋಣಿ ವಾಲುವುದು ಕಡಿಮೆಯಾಗುತ್ತದೆ. ಚಿಕ್ಕ ದೋಣಿಗೆ ಇದು ದೊಡ್ಡ ಮಾತು.

ಆಮೇಲೆ ದುಡ್ಡು. ಇಲ್ಲಿ ಒಟ್ಟು ಬಿಲ್ ಎಷ್ಟು ಅಂತ ಮಾತ್ರ ಕೇಳಿದರೆ ಸಾಲದು. ಹತ್ತು ವರ್ಷ ಬಿಟ್ಟು ಮತ್ತೆ ಬದಲಿಸುವಾಗ ಇವತ್ತು ಕೊಂಡದ್ದರಲ್ಲಿ ಎಷ್ಟು ಉಳಿಯುತ್ತದೆ ಅಂತಲೂ ಕೇಳಬೇಕು. ಕೊನೆಯದಾಗಿ ಕೆಲಸ ಯಾರು ಮಾಡುತ್ತಾರೆ, ದೂರದ ಪ್ರಯಾಣದಲ್ಲಿ ಏನಾದರೂ ಆದರೆ ಯಾರು ಸರಿಮಾಡುತ್ತಾರೆ ಅನ್ನುವುದು.

ಲೆಕ್ಕ ಹಾಕಲು ಒಂದು ದೋಣಿ ಕಣ್ಣಮುಂದೆ ಇಟ್ಟುಕೊಳ್ಳೋಣ. ಒಂದು ಮಾಸ್ಟ್. ಮುಂದೆ ಫೋರ್‌ಸ್ಟೇ, ಹಿಂದೆ ಬ್ಯಾಕ್‌ಸ್ಟೇ. ಮಾಸ್ಟಿನ ತುದಿಯಿಂದ ಸ್ಪ್ರೆಡರ್ (ಮಾಸ್ಟಿನಿಂದ ಪಕ್ಕಕ್ಕೆ ಚಾಚಿದ ತೋಳು) ಮೇಲೆ ಹಾದು ಬರುವ ಮೇಲ್ ಶ್ರೌಡ್ ಎರಡು, ಸ್ಪ್ರೆಡರ್ ಬುಡದಿಂದ ಬರುವ ಕೆಳ ಶ್ರೌಡ್ ನಾಲ್ಕು. ಒಟ್ಟು ಎಂಟು ತಂತಿ, ಹದಿನಾರು ತುದಿ. ಬಿಲ್ಲಿನಲ್ಲಿ ಹೆಚ್ಚು ಜಾಗ ಹಿಡಿಯುವುದು ಆ ಹದಿನಾರು ತುದಿಗಳೇ.

ಮಾಮೂಲಿ ದಾರಿ: 1×19 ಸ್ಟೇನ್‌ಲೆಸ್ ತಂತಿ

ನಿಮ್ಮ ದೋಣಿಯಲ್ಲಿ ಈಗ ಇರುವುದು ಹೆಚ್ಚಾಗಿ ಇದೇ. ನಡುವೆ ಒಂದು ಎಳೆ, ಅದರ ಸುತ್ತ ಆರು, ಹೊರಗೆ ಹನ್ನೆರಡು, ಒಟ್ಟು ಹತ್ತೊಂಬತ್ತು ದಪ್ಪ ಎಳೆಗಳು. ಬಗ್ಗುವುದಿಲ್ಲ, ಹಿಗ್ಗುವುದು ಕಡಿಮೆ, ಮೈ ನುಣುಪು. ಶ್ರೌಡ್‌ಗೆ ಬೇಕಾದ ಗುಣಗಳೆಲ್ಲ ಇವೆ. ಬಲದ ಅಂದಾಜು ಹೇಳಬೇಕೆಂದರೆ 4 ಮಿ.ಮೀ. ತಂತಿ ತುಂಡಾಗುವುದು ಸುಮಾರು 1280 ಕೆ.ಜಿ. ಎಳೆತಕ್ಕೆ, 5 ಮಿ.ಮೀ. ಸುಮಾರು 2000ಕ್ಕೆ, 6 ಮಿ.ಮೀ. ಸುಮಾರು 2880ಕ್ಕೆ.

ಕೊಳ್ಳುವಾಗ ಗ್ರೇಡ್ ಕೇಳಿ. 304 ಮತ್ತು 316 ಎರಡೂ ಸಿಗುತ್ತವೆ, ನೋಡಲು ಒಂದೇ ಥರ. 304 ತುಸು ಗಟ್ಟಿ, ಅದೇ ದಪ್ಪಕ್ಕೆ ಸುಮಾರು 15 ಶೇಕಡಾ ಬಲ ಜಾಸ್ತಿ. ಆದರೆ 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುತ್ತದೆ, ಉಪ್ಪನ್ನು ಅದು ಚೆನ್ನಾಗಿ ತಡೆಯುತ್ತದೆ. ಉಪ್ಪುನೀರಿನ ದೋಣಿಗೆ ನಾನು 316 ಬಿಟ್ಟು ಬೇರೆ ಹಾಕುವುದಿಲ್ಲ. ಸಿಹಿನೀರಿನಲ್ಲೇ ಇರುವ ದೋಣಿಗೆ 304 ಕೂಡ ಚೆನ್ನಾಗಿ ಬಾಳುತ್ತದೆ.

"ಇರಲಿ, ಒಂದು ಸೈಜ್ ದಪ್ಪ ಹಾಕಿಬಿಡೋಣ, ಗಟ್ಟಿ ಇರುತ್ತೆ" ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ದಪ್ಪ ತಂತಿಗೆ ದಪ್ಪ ಪಿನ್ ಬೇಕು, ಚೈನ್‌ಪ್ಲೇಟಿನ ತೂತು ದೊಡ್ಡದು ಮಾಡಬೇಕು, ಮೇಲೆ ತೂಕ ಏರುತ್ತದೆ. ತೂತು ದೊಡ್ಡದು ಮಾಡಿದಷ್ಟೂ ಸುತ್ತಲಿನ ಲೋಹ ಕಡಿಮೆಯಾಗುತ್ತದೆ. ದೋಣಿ ವಿನ್ಯಾಸ ಮಾಡಿದವರು ಯಾವ ಸೈಜ್ ಇಟ್ಟಿದ್ದರೋ ಅದನ್ನೇ ಇಡಿ.

ಇನ್ನು ತುದಿ. ಇಲ್ಲಿ ಎರಡು ದಾರಿ.

ಸ್ವೇಜ್ ಅಂದರೆ ಟೊಳ್ಳು ಕೊಳವೆಯ ಒಳಗೆ ತಂತಿ ತೂರಿಸಿ, ರೋಲರ್ ಮೆಷಿನ್ನಿನಲ್ಲಿ ಒತ್ತಿ ಎರಡೂ ಒಂದಾಗುವ ಹಾಗೆ ಮಾಡುವುದು. ಸರಿಯಾಗಿ ಮಾಡಿದರೆ ಬಹಳ ಗಟ್ಟಿ. ಅಂದವಾಗಿರುತ್ತದೆ, ಹಗುರ, ಅಗ್ಗ. ಕೊರತೆ ಏನೆಂದರೆ ಒಮ್ಮೆ ಒತ್ತಿದ ಮೇಲೆ ಒಳಗೆ ಏನಾಗುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ, ತಂತಿ ಹೋದಾಗ ಟರ್ಮಿನಲ್ಲೂ ಹೋಗುತ್ತದೆ. ಮೆಷಿನ್ ಕೂಡ ಮುಖ್ಯ. ಒತ್ತಿದ ಮೇಲೆ ಸ್ವೇಜ್ ನೇರವಾಗಿರಬೇಕು. ಬಾಳೆಹಣ್ಣಿನ ಹಾಗೆ ಒಂದಿಷ್ಟು ಬಾಗಿದ್ದರೂ ತಗೊಳ್ಳಬೇಡಿ. ಒಮ್ಮೆ ಒಬ್ಬರು ಮಾಡಿಕೊಟ್ಟ ಜೋಡಿಯಲ್ಲಿ ಒಂದು ಹಾಗಿತ್ತು. "ಏನೂ ಆಗಲ್ಲ, ಬಿಗಿದರೆ ಸರಿಹೋಗುತ್ತೆ" ಅಂದರು. ಸರಿಹೋಗುವುದಿಲ್ಲ. ಬಾಗಿದ ಕಡೆ ಎಳೆತವೆಲ್ಲ ಒಂದು ಮಗ್ಗುಲಿಗೆ ಬೀಳುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ನಾನು ವಾಪಸ್ ಕೊಟ್ಟೆ. ನೀವೂ ಸಂಕೋಚ ಪಡಬೇಡಿ.

ಎರಡನೆಯದು ಮೆಕ್ಯಾನಿಕಲ್ ಟರ್ಮಿನಲ್. ಸ್ಟಾ-ಲಾಕ್, ಹೈ-ಮಾಡ್ ಎಂಬ ಹೆಸರಿನಲ್ಲಿ ಬರುವುದು ಇವೇ. ಎರಡು ಸ್ಪ್ಯಾನರ್, ಒಂದು ವೈಸ್, ಒಳ್ಳೆಯ ಹ್ಯಾಕ್ಸಾ ಬ್ಲೇಡ್ ಇದ್ದರೆ ಮನೆಯಲ್ಲೇ ಕೂಡಿಸಬಹುದು. ಮೊದಲ ಸಲ ಮಾಡುವವರಿಗೆ ಭಯ ಇರುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತಂತಿ ಕತ್ತರಿಸುವ ಜಾಗಕ್ಕೆ ಬಿಗಿಯಾಗಿ ಟೇಪ್ ಸುತ್ತಿ ಕುಯ್ಯಿರಿ, ತುದಿ ಚಪ್ಪಟೆಯಾಗಿ ನೇರ ಇರಬೇಕು. ಟರ್ಮಿನಲ್ಲಿನ ಕೆಳ ಕೊಳವೆಯನ್ನು ಮೊದಲೇ ತಂತಿಗೆ ಪೋಣಿಸಿಬಿಡಿ. ಎಲ್ಲ ಮುಗಿದ ಮೇಲೆ ಇದು ನೆನಪಾದರೆ ಬಿಚ್ಚಿ ಮತ್ತೆ ಮೊದಲಿಂದ. ಈಗ ಹೊರಗಿನ ಹನ್ನೆರಡು ಎಳೆಗಳನ್ನು ಹುರಿ ಬಿಚ್ಚಿ ಅಗಲಿಸಿ. ಒಳಗಿನ ಏಳು ಎಳೆಗಳ ಗೊಂಚಲಿನ ಮೇಲೆ ಚಿಕ್ಕ ಕೋನ್ ಇಳಿಸಿ, ಗೊಂಚಲಿನ ತುದಿ ಕೋನಿನ ಮೇಲೆ ಸುಮಾರು 2 ಮಿ.ಮೀ. ಕಾಣಬೇಕು. ಹೊರಗಿನ ಎಳೆಗಳನ್ನು ಮತ್ತೆ ಕೋನಿನ ಸುತ್ತ ಒಂದರ ಪಕ್ಕ ಒಂದು ಸಮನಾಗಿ ಕೂರಿಸಿ. ಕೋನಿನಲ್ಲಿ ಒಂದು ಸೀಳು ಇರುತ್ತದೆ, ಅದರೊಳಗೆ ಯಾವ ಎಳೆಯೂ ಬೀಳಕೂಡದು. ಕೊಳವೆಯನ್ನು ಮೇಲಕ್ಕೆ ಎಳೆದು, ತಲೆಭಾಗದ ಜೊತೆ ತಿರುಗಿಸಿ ಬಿಗಿ ಮಾಡಿ.

ಆಮೇಲೆ ಬಿಚ್ಚಿ. ಈ ಟರ್ಮಿನಲ್ ನನಗೆ ಇಷ್ಟವಾಗುವುದೇ ಇದಕ್ಕೆ. ಬಿಚ್ಚಿ ನೋಡಿದರೆ ಹನ್ನೆರಡೂ ಎಳೆಗಳ ತುದಿ ಒಳಮುಖವಾಗಿ, ಮೊಗ್ಗು ಮುಚ್ಚಿದ ಹಾಗೆ, ಬಾಗಿ ಕೂತಿರುತ್ತವೆ. ಒಂದು ಎಳೆ ಇನ್ನೊಂದರ ಮೇಲೆ ಹತ್ತಿದ್ದರೆ ಕಣ್ಣಿಗೆ ಕಾಣುತ್ತದೆ, ಸರಿಮಾಡಬಹುದು. ಎಲ್ಲ ಸರಿ ಇದ್ದರೆ ಒಳಗೆ ಸೀಲಂಟ್ ತುಂಬಿ, ತಿರುಪಿನ ಥ್ರೆಡ್‌ಗಳಿಗೆ ಥ್ರೆಡ್‌ಲಾಕರ್ ಅಂಟು ಹಚ್ಚಿ ಕೊನೆಯ ಸಲ ಬಿಗಿ ಮಾಡಿ. ತಂತಿ ಹೊರಬರುವ ಬಾಯಿಯಲ್ಲಿ ಸೀಲಂಟ್ ಸುತ್ತಲೂ ಉಕ್ಕಿ ಬರಬೇಕು. ಬಂತು ಅಂದರೆ ನೀರು ನಿಲ್ಲಲು ಒಳಗೆ ಜಾಗ ಇಲ್ಲ ಅಂತ ಅರ್ಥ. ಜಾಸ್ತಿ ಶಕ್ತಿ ಹಾಕಿ ತಿರುಗಿಸಬೇಡಿ. ಸ್ಟೇನ್‌ಲೆಸ್ ಥ್ರೆಡ್ ಸ್ಟೇನ್‌ಲೆಸ್ಸಿಗೇ ಕಚ್ಚಿಕೊಂಡರೆ ಮತ್ತೆ ಬಿಡುವುದಿಲ್ಲ. ಮೊದಲನೆಯದಕ್ಕೆ ನನಗೆ ಅರ್ಧ ದಿನ ಹಿಡಿಯಿತು. ನಾಲ್ಕನೆಯದಕ್ಕೆ ಅರ್ಧ ಗಂಟೆ.

ಬೆಲೆ ಸ್ವೇಜಿಗಿಂತ ಹಲವು ಪಟ್ಟು ಜಾಸ್ತಿ. ಆದರೆ ಮುಂದಿನ ಸಲ ತಂತಿ ಬದಲಿಸುವಾಗ ಹೊಸ ಕೋನ್ ಹಾಕಿ ಅದೇ ಟರ್ಮಿನಲ್ ಬಳಸಬಹುದು. ದೋಣಿಯನ್ನು ಇಪ್ಪತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ದುಬಾರಿ ಅಲ್ಲ. ಎರಡು ವರ್ಷದಲ್ಲಿ ಮಾರುವವರಿಗೆ ದುಬಾರಿಯೇ.

ಹಾಗಾದರೆ ಹದಿನಾರಕ್ಕೂ ಮೆಕ್ಯಾನಿಕಲ್ ಹಾಕಬೇಕಾ? ಬೇಡ. ಮೇಲೆ ಸ್ವೇಜ್, ಕೆಳಗೆ ಮೆಕ್ಯಾನಿಕಲ್ ಹಾಕಿ. ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ನೀರು ನಿಲ್ಲುವುದು ಕೆಳಗೆ, ಬಿಚ್ಚಿ ನೋಡಬೇಕಾದದ್ದೂ ಕೆಳಗೆ. ಎಷ್ಟೋ ಚಿಕ್ಕ ಮಾಸ್ಟ್‌ಗಳಲ್ಲಿ ಮೇಲಿನ ತುದಿ ಟಿ ಆಕಾರದ್ದು, ಮಾಸ್ಟಿನ ಗೋಡೆಯ ತೂತಿನಲ್ಲಿ ತಿರುಗಿಸಿ ಕೂರಿಸುವಂಥದ್ದು, ಅದು ಹೆಚ್ಚಾಗಿ ಸ್ವೇಜಿನಲ್ಲೇ ಬರುತ್ತದೆ. ಇನ್ನೊಂದು ದೊಡ್ಡ ಲಾಭ ಅಳತೆಯದು. ಎರಡೂ ತುದಿ ಸ್ವೇಜ್ ಆದರೆ ಉದ್ದ ಮೊದಲೇ ಕರಾರುವಾಕ್ಕಾಗಿ ಹೇಳಬೇಕು, ತಪ್ಪಿದರೆ ತಂತಿ ದಂಡ. ಮೇಲಿನ ತುದಿ ಮಾತ್ರ ಮಾಡಿಸಿ, ತಂತಿ ಒಂದು ಮೊಳ ಉದ್ದವೇ ತರಿಸಿಕೊಂಡರೆ ದೋಣಿಯ ಮೇಲೆ ನಿಲ್ಲಿಸಿ ನೋಡಿ ಕತ್ತರಿಸಬಹುದು. ಹದಿನಾರರಲ್ಲಿ ಎಂಟು ಮಾತ್ರ ದುಬಾರಿ ಟರ್ಮಿನಲ್, ಖರ್ಚೂ ನಡುವೆ ಎಲ್ಲೋ ನಿಲ್ಲುತ್ತದೆ.

7×7 ತಂತಿ ಮತ್ತು ಕ್ರಿಂಪ್

ಐದಾರು ಮೀಟರಿನ ಟ್ರೈಲರ್ ದೋಣಿ, 3 ಅಥವಾ 4 ಮಿ.ಮೀ. ತಂತಿ. ಇಂಥವರು ಇದನ್ನು ಓದಲೇಬೇಕು. 7×7ರಲ್ಲಿ 49 ಸಣ್ಣ ಎಳೆಗಳು. ಚೆನ್ನಾಗಿ ಬಗ್ಗುತ್ತದೆ, ಸುರುಳಿ ಸುತ್ತಿಡಬಹುದು, ಮಾಸ್ಟ್ ಇಳಿಸುವಾಗ ಕೊಂಚ ಮಡಚಿಕೊಂಡರೂ ತಡೆಯುತ್ತದೆ. ಥಿಂಬಲ್ (ತಂತಿ ಕೂರುವ ಲೋಹದ ಬಳೆ) ಸುತ್ತ ಬಳಸಿ, ತಾಮ್ರದ ಅಂಡಾಕಾರದ ತೋಳು ಹಾಕಿ, ಕೈ ಕ್ರಿಂಪರ್‌ನಲ್ಲಿ ಒತ್ತಿದರೆ ತುದಿ ತಯಾರು. ಎಲ್ಲಕ್ಕಿಂತ ಅಗ್ಗ.

ಕೊಡಬೇಕಾದ ಬೆಲೆ? ಅದೇ ದಪ್ಪದ 1×19ಕ್ಕಿಂತ ಬಲ ಕಡಿಮೆ, ಹಿಗ್ಗುವುದು ಜಾಸ್ತಿ. ಎಳೆಗಳು ಸಣ್ಣ, ಹಾಗಾಗಿ ತುಕ್ಕಿಗೂ ಸವೆತಕ್ಕೂ ಬೇಗ ಸಿಗುತ್ತವೆ. ದೋಣಿಗೆ ಮೂಲದಲ್ಲಿ 7×7 ಇದ್ದರೆ ಅದನ್ನೇ ಹಾಕಿ, ಕಣ್ಣುಮುಚ್ಚಿ. 1×19 ಇದ್ದ ಜಾಗಕ್ಕೆ ದುಡ್ಡು ಉಳಿಸಲು ಅಂತ ಇದನ್ನು ತರಬೇಡಿ. ಈ ಕ್ರಿಂಪ್ ತೋಳನ್ನು 1×19 ತಂತಿಗೆ ಹಾಕುವುದಂತೂ ಬೇಡವೇ ಬೇಡ. ಆ ತಂತಿ ಥಿಂಬಲ್ ಸುತ್ತ ಬಳಸುವಷ್ಟು ಬಗ್ಗುವುದಿಲ್ಲ, ಬಗ್ಗಿಸಿದರೆ ಎಳೆಗಳು ಹಾಳು. ಇನ್ನೂ ಸಣ್ಣ ಎಳೆಗಳ 7×19 ಅಂತ ಒಂದಿದೆ. ಅದು ರಾಟೆಯ ಮೇಲೆ ಓಡುವ ಹಗ್ಗದ ಕೆಲಸಕ್ಕೆ, ಶ್ರೌಡ್‌ಗೆ ಅಲ್ಲ.

ಡೈನೀಮಾ: ಆಸೆ ಹುಟ್ಟಿಸುವ ಹಗ್ಗ

ಮೊದಲ ಸಲ ಕೈಗೆ ತಗೊಂಡಾಗ ನಂಬಿಕೆ ಬರುವುದಿಲ್ಲ. ಇಷ್ಟು ಹಗುರದ್ದು ಮಾಸ್ಟ್ ಹಿಡಿಯುತ್ತದಾ ಅನಿಸುತ್ತದೆ. 5 ಮಿ.ಮೀ. ಸ್ಟೀಲ್ ತಂತಿ ಮೀಟರಿಗೆ ಸುಮಾರು 125 ಗ್ರಾಂ ತೂಗುತ್ತದೆ. ಅದರ ಜಾಗಕ್ಕೆ ಹಾಕುವ ಡೈನೀಮಾ ತುಸು ದಪ್ಪ ಇದ್ದರೂ ತೂಕ ಅದರ ಕಾಲು ಭಾಗದ ಆಸುಪಾಸು. ನೀರಲ್ಲಿ ತೇಲುತ್ತದೆ. ತುಕ್ಕು ಅನ್ನುವುದೇ ಇಲ್ಲ. ತುದಿಯನ್ನು ನೀವೇ ಸ್ಪ್ಲೈಸ್ ಮಾಡಬಹುದು, ಅಂದರೆ ಹಗ್ಗದ ಬಾಲವನ್ನು ಹಗ್ಗದೊಳಗೇ ಹುದುಗಿಸಬಹುದು, ಮೆಷಿನ್ ಬೇಡ. ಬಿಡಿ ಹಗ್ಗವನ್ನು ಒಂದು ಚೀಲದಲ್ಲಿ ಸುತ್ತಿಟ್ಟರೆ ಯಾವ ಶ್ರೌಡ್ ಹೋದರೂ ಅದರಿಂದಲೇ ತಾತ್ಕಾಲಿಕ ಶ್ರೌಡ್ ಕಟ್ಟಬಹುದು. ನಾನು ತುದಿಯ ಬಗ್ಗೆ ಇಷ್ಟು ಹೇಳಿದ್ದೇನಲ್ಲ, ಆ ಅಳತೆಯಲ್ಲಿ ಡೈನೀಮಾಗೆ ಒಳ್ಳೆಯ ಅಂಕ ಬರುತ್ತದೆ. ಎಲ್ಲವೂ ಕಣ್ಣಮುಂದೆ ಇರುತ್ತದೆ, ಯಾವುದೂ ಕೊಳವೆಯೊಳಗೆ ಅಡಗಿಲ್ಲ.

ಆದರೆ ಅದರ ಸ್ವಭಾವ ಬೇರೆ, ಅದನ್ನು ತಿಳಿದೇ ಹೋಗಬೇಕು. ಬಲ ನೋಡಿ ಸೈಜ್ ಆರಿಸಿದರೆ ತಪ್ಪಾಗುತ್ತದೆ. ಬಲ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಸೈಜ್ ಆರಿಸಬೇಕಾದದ್ದು ಹಿಗ್ಗುವಿಕೆ ಮತ್ತು ಕ್ರೀಪ್ ನೋಡಿ. ಕ್ರೀಪ್ ಅಂದರೆ ಒಂದೇ ಎಳೆತದಲ್ಲಿ ತಿಂಗಳುಗಟ್ಟಲೆ ಇದ್ದಾಗ ಹಗ್ಗ ನಿಧಾನಕ್ಕೆ ಉದ್ದವಾಗುತ್ತಾ ಹೋಗುವುದು, ಬಿಟ್ಟರೂ ಹಿಂದಕ್ಕೆ ಬರದೇ ಇರುವುದು. ಬಿಸಿಲು ಜಾಸ್ತಿ ಇದ್ದಷ್ಟೂ ಅದು ಜಾಸ್ತಿ. ಹಗ್ಗ ದಪ್ಪ ಇದ್ದು, ಎಳೆತ ಅದರ ಬಲದ ಸಣ್ಣ ಪಾಲಾಗಿದ್ದರೆ ಕ್ರೀಪ್ ಹಿಡಿತಕ್ಕೆ ಬರುತ್ತದೆ. ಆದ್ದರಿಂದಲೇ ಸ್ಟೀಲಿಗಿಂತ ಒಂದೆರಡು ಸೈಜ್ ದಪ್ಪ ಹಾಕುವುದು, ಅದೂ ಬಿಸಿಯಲ್ಲಿ ಎಳೆದು ಹದಮಾಡಿದ ಬಗೆಯದ್ದು. ಸಾದಾ ಹಗ್ಗದಲ್ಲೂ ದರ್ಜೆಗಳಿವೆ. ಎಸ್‌ಕೆ75ಕ್ಕಿಂತ ಎಸ್‌ಕೆ78ರಲ್ಲಿ ಕ್ರೀಪ್ ಕಡಿಮೆ.

ಚಳಿಯ ಮಾತು ಹೇಳಲೇಬೇಕು. ಡೈನೀಮಾ ತಣ್ಣಗಾದಾಗ ಉದ್ದವಾಗುತ್ತದೆ. ಅಲ್ಯೂಮಿನಿಯಂ ಮಾಸ್ಟ್ ತಣ್ಣಗಾದಾಗ ಗಿಡ್ಡವಾಗುತ್ತದೆ. ಎರಡೂ ಸೇರಿದರೆ ರಿಗ್ ಸಡಿಲ. ಬೇಸಿಗೆಯಲ್ಲಿ ಸರಿಯಾಗಿ ಬಿಗಿದದ್ದು ಚಳಿಗಾಲದ ಬೆಳಗ್ಗೆ ಜೋಲಾಡುತ್ತದೆ. ಏನೂ ಕೆಟ್ಟಿಲ್ಲ, ಮತ್ತೆ ಬಿಗಿಯಬೇಕು ಅಷ್ಟೆ. ಬಿಗಿಯುವ ತಾಳ್ಮೆ ಇಲ್ಲದವರಿಗೆ ಈ ಹಗ್ಗ ಹೊಂದುವುದಿಲ್ಲ.

ಗಂಟು ಹಾಕಬಾರದು, ಗಂಟಿನಲ್ಲಿ ಅರ್ಧಕ್ಕರ್ಧ ಬಲ ಹೋಗುತ್ತದೆ. ಸ್ಪ್ಲೈಸೇ ಆಗಬೇಕು. ಹನ್ನೆರಡು ಎಳೆ ಹೆಣೆದ ಟೊಳ್ಳು ಹಗ್ಗದಲ್ಲಿ ಬಾಲವನ್ನು ದಪ್ಪದ 72 ಪಟ್ಟು ಉದ್ದ ಒಳಗೆ ಹುದುಗಿಸುವುದು ರೂಢಿಯ ಅಳತೆ. 6 ಮಿ.ಮೀ. ಹಗ್ಗಕ್ಕೆ 432 ಮಿ.ಮೀ. ಬಾಲದ ತುದಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಚೂಪು ಮಾಡಬೇಕು, ಇಲ್ಲವಾದರೆ ಬಾಲ ಮುಗಿಯುವ ಜಾಗದಲ್ಲಿ ಹಗ್ಗ ಥಟ್ಟನೆ ಸಣ್ಣದಾಗಿ ಅಲ್ಲೇ ದುರ್ಬಲವಾಗುತ್ತದೆ. ಸಣ್ಣ ಥಿಂಬಲ್ ಆಗುವುದಿಲ್ಲ, ಹಗ್ಗ ಬಳಸುವ ಗಾಲಿ ಹಗ್ಗದ ದಪ್ಪದ ಐದು ಪಟ್ಟಾದರೂ ಇರಬೇಕು.

ಬಿಸಿಲಿಗೆ ಹೊರಮೈ ಬೆಳ್ಳಗಾಗಿ ನವಿರಾದ ರೋಮ ಏಳುತ್ತದೆ. ಸ್ವಲ್ಪ ರೋಮ ಎದ್ದರೆ ಭಯ ಬೇಡ, ಒಳಗಿನ ಎಳೆಗಳಿಗೆ ಅದೇ ನೆರಳು. ಒಂದೇ ಜಾಗದಲ್ಲಿ ತುಂಡಾದ ಎಳೆಗಳ ಗುಂಪು ಕಂಡರೆ ಅದು ಉಜ್ಜಾಟ, ಕಾರಣ ಹುಡುಕಿ. ಸ್ಪ್ರೆಡರ್ ತುದಿ, ಹಾಯಿ ತಾಗುವ ಜಾಗ, ಇವೆರಡನ್ನು ಮೊದಲು ನೋಡಿ. ಐದರಿಂದ ಎಂಟು ವರ್ಷಕ್ಕೆ ಬದಲಿಸಿ ಅನ್ನುವುದು ಸಾಮಾನ್ಯ ಸಲಹೆ. ಸ್ಟೀಲ್ ಉಪ್ಪುನೀರಿನಲ್ಲಿ ಹತ್ತರಿಂದ ಹದಿನೈದು ವರ್ಷ ಬರುತ್ತದೆ. ಆದರೆ ಡೈನೀಮಾದಲ್ಲಿ ಬದಲಿಸುವುದು ಹಗ್ಗ ಮಾತ್ರ, ತುದಿಯ ಗಾಲಿಗಳು ಉಳಿಯುತ್ತವೆ.

ಫೋರ್‌ಸ್ಟೇಗೆ ಮಾತ್ರ ನಾನು ಡೈನೀಮಾ ಬೇಡ ಅನ್ನುತ್ತೇನೆ. ಹಾಯಿ ಸುತ್ತುವ ಫರ್ಲರ್ ಇದ್ದರೆ ಅದರ ಅಲ್ಯೂಮಿನಿಯಂ ಕೊಳವೆ ಒಳಗಿನಿಂದ ಹಗ್ಗವನ್ನು ತಿನ್ನುತ್ತದೆ, ನಿಮಗೆ ಕಾಣುವುದೂ ಇಲ್ಲ. ಕೊಕ್ಕೆಗಳಿಂದ ಹಾಯಿ ಏರಿಸುವವರಾದರೆ ಲೋಹದ ಕೊಕ್ಕೆ ಅದನ್ನೇ ಹೊರಗಿನಿಂದ ಮಾಡುತ್ತದೆ. ಶ್ರೌಡ್ ಡೈನೀಮಾ, ಫೋರ್‌ಸ್ಟೇ ಸ್ಟೀಲ್, ಇದು ಒಳ್ಳೆಯ ಜೋಡಿ.

ಉಳಿದ ಮೂರು

ಕಾಂಪ್ಯಾಕ್ಟ್ ತಂತಿ, ಡೈಫಾರ್ಮ್ ಅಂತ ಹೆಸರುವಾಸಿ. ಎಳೆಗಳು ದುಂಡಗಿರದೆ ಒಂದಕ್ಕೊಂದು ಒತ್ತಿ ಕೂತಿರುತ್ತವೆ, ಸಂದಿ ಇಲ್ಲ. ಅದೇ ದಪ್ಪದಲ್ಲಿ ಬಲ ಕಾಲು ಭಾಗಕ್ಕಿಂತಲೂ ಜಾಸ್ತಿ, ಹಿಗ್ಗುವುದು ಇನ್ನೂ ಕಡಿಮೆ. ರೇಸ್ ಓಡುವವರಿಗೆ ಅರ್ಥ ಇದೆ. ಮೆಕ್ಯಾನಿಕಲ್ ಟರ್ಮಿನಲ್ ಹಾಕುವುದಾದರೆ ಅದಕ್ಕೆ ಹೊಂದುವ ಕೋನ್ ಬೇರೆ, ಕೇಳಿ ತರಿಸಿ. ವಾರಾಂತ್ಯಕ್ಕೆ ಸುಮ್ನೆ ಸುತ್ತಾಡಿ ಬರುವವರಿಗೆ ಆ ಖರ್ಚು ಬೇಡ.

ರಾಡ್, ಅಂದರೆ ಒಂದೇ ಗಟ್ಟಿ ಸರಳು. ತಲೆಯನ್ನು ವಿಶೇಷ ಮೆಷಿನ್ನಿನಲ್ಲಿ ಗುದ್ದಿ ಅರಳಿಸುತ್ತಾರೆ. ಹಿಗ್ಗುವುದು ಬಹಳ ಕಡಿಮೆ. ಆದರೆ ತಂತಿಯಲ್ಲಿ ಒಂದು ಎಳೆ ತುಂಡಾಗಿ ಎಚ್ಚರಿಕೆ ಕೊಡುತ್ತದೆ, ರಾಡ್‌ನಲ್ಲಿ ಅಂಥ ಎಚ್ಚರಿಕೆ ಇಲ್ಲ. ಚಿಕ್ಕ ದೋಣಿಗೆ ನಾನು ಯೋಚಿಸುವುದೂ ಇಲ್ಲ.

ಸತು ಲೇಪಿಸಿದ ಗ್ಯಾಲ್ವನೈಸ್ಡ್ ತಂತಿ ಹಳೆಯ ಕಾಲದ ಮರದ ದೋಣಿಗಳಿಗೆ ಈಗಲೂ ಚೆಂದ. ಅಗ್ಗ, ಬಲ ಚೆನ್ನಾಗಿದೆ. ತುಕ್ಕು ಬಂದರೆ ಹೊರಗೇ ಕಾಣುತ್ತದೆ, ಮುಚ್ಚಿಡುವುದಿಲ್ಲ. ವರ್ಷ ವರ್ಷ ಎಣ್ಣೆ ಹಚ್ಚುವ ಕೆಲಸ ನಿಮಗೆ ಖುಷಿ ಕೊಡುವುದಾದರೆ ಹಾಕಿ.

ಯಾರಿಗೆ ಯಾವುದು

ಉಪ್ಪುನೀರಿನಲ್ಲಿ ತೇಲುವ, ಕುಟುಂಬದ ಜೊತೆ ಓಡಾಡುವ ದೋಣಿಗೆ 316 ತಂತಿ, ಮೇಲೆ ಸ್ವೇಜ್, ಕೆಳಗೆ ಮೆಕ್ಯಾನಿಕಲ್. ಕೈ ಬಿಗಿ ಇದ್ದರೆ ಎರಡೂ ಕಡೆ ಒಳ್ಳೆಯ ಕಡೆಯಿಂದ ಸ್ವೇಜ್ ಮಾಡಿಸಿ, ವರ್ಷಕ್ಕೆರಡು ಸಲ ಕೆಳಗಿನ ತುದಿಗಳನ್ನು ಭೂತಗನ್ನಡಿಯಲ್ಲಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ದುಡ್ಡು ಸಾಲದು ಅಂತ ಅರ್ಧ ತಂತಿ ಈ ವರ್ಷ, ಅರ್ಧ ಮುಂದಿನ ವರ್ಷ ಮಾಡುವವರಿದ್ದಾರೆ. ಹಾಗೆ ಮಾಡಲೇಬೇಕಾದರೆ ಜೋಡಿಯಾಗಿ ಬದಲಿಸಿ: ಎಡ ಬಲ ಎರಡೂ ಕೆಳ ಶ್ರೌಡ್‌ಗಳು ಒಟ್ಟಿಗೆ, ಎರಡೂ ಮೇಲ್ ಶ್ರೌಡ್‌ಗಳು ಒಟ್ಟಿಗೆ.

ದೂರ ಹೋಗುವವರಿಗೆ ಎರಡೂ ತುದಿ ಮೆಕ್ಯಾನಿಕಲ್ ಆದರೂ ಸರಿ. ಅತಿ ಉದ್ದದ ತಂತಿಯಷ್ಟು ಬಿಡಿ ತಂತಿ, ಎರಡು ಟರ್ಮಿನಲ್, ನಾಲ್ಕು ಕೋನ್ ಜೊತೆಗಿದ್ದರೆ ನಡುನೀರಿನಲ್ಲೂ ಹೊಸ ಶ್ರೌಡ್ ಮಾಡಬಹುದು. ಹಗುರ ಬೇಕು, ಕೈಕೆಲಸ ಇಷ್ಟ, ಆಗಾಗ ಬಿಗಿ ನೋಡುತ್ತೇನೆ ಅನ್ನುವವರಿಗೆ ಡೈನೀಮಾ. ಮಾಸ್ಟನ್ನು ಒಬ್ಬರೇ ಎತ್ತುವ ಟ್ರೈಲರ್ ದೋಣಿಯವರಿಗೂ ಅದರ ಹಗುರತನ ವರ. ಹಾಗೆ ಮಾಸ್ಟ್ ಎತ್ತುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿ ಇದೆಯಾ ನೋಡಿ, ಪ್ರತಿ ಸಲವೂ.

ಯಾವುದನ್ನೇ ಆರಿಸಿದರೂ ಇವು ತಪ್ಪಿಸಬೇಡಿ

ಚೈನ್‌ಪ್ಲೇಟನ್ನು ಹೊರಗೆ ತೆಗೆದು ನೋಡಿ. ಡೆಕ್ ದಾಟುವ ಜಾಗದಲ್ಲಿ ನೀರು ಜಿನುಗಿ, ಗಾಳಿಯಿಲ್ಲದೆ ಕೂತಿರುತ್ತದೆ. ಸ್ವೇಜಿನ ಕಥೆಯೇ ಅಲ್ಲೂ. ಹೊಸ ತಂತಿಯನ್ನು ಹಳೆಯ ಬಿರುಕುಬಿಟ್ಟ ಚೈನ್‌ಪ್ಲೇಟಿಗೆ ಕಟ್ಟಿದರೆ ಇಷ್ಟು ಖರ್ಚು ಮಾಡಿ ಏನು ಬಂತು, ಅಲ್ವಾ? ತುದಿಯ ಕಣ್ಣಿನಲ್ಲಿ ಕೂರುವ ಕ್ಲೆವಿಸ್ ಪಿನ್‌ಗಳನ್ನೂ ಹೊಸದೇ ಹಾಕಿ. ಟರ್ನ್‌ಬಕಲ್ (ತಿರುಗಿಸಿ ತಂತಿ ಬಿಗಿಯುವ ತಿರುಪು) ಬದಲಿಸುವುದಾದರೆ ನಡುಭಾಗ ಕಂಚಿನದು, ತಿರುಪು ಸ್ಟೀಲಿನದು ಇರುವಂಥದ್ದು ನೋಡಿ. ಎರಡು ಬೇರೆ ಲೋಹ ಇರುವುದರಿಂದ ಥ್ರೆಡ್ ಕಚ್ಚಿಕೊಳ್ಳುವುದಿಲ್ಲ. ಫೋರ್‌ಸ್ಟೇಯ ಎರಡೂ ತುದಿಗೆ ಟಾಗಲ್, ಅಂದರೆ ಓಲಾಡುವ ಕೀಲು, ಬೇಕು, ಹಾಯಿ ಅದನ್ನು ಪಕ್ಕಕ್ಕೆ ಎಳೆದಾಗ ತುದಿ ಸಲೀಸಾಗಿ ತಿರುಗಲಿ ಅಂತ.

ಅಳತೆ ತೆಗೆಯುವ ಮೊದಲು ಪ್ರತಿ ಟರ್ನ್‌ಬಕಲ್ ಎಲ್ಲಿಯವರೆಗೆ ತಿರುಗಿದೆ ಬರೆದಿಟ್ಟುಕೊಳ್ಳಿ. ಉದ್ದವನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ, ತಂತಿ ಬಿಗಿಯಾಗಿ ಎಳೆದು ಅಳೆಯಿರಿ. ಎಡಗಡೆ ಬಲಗಡೆ ಸಮ ಇರುತ್ತದೆ ಅಂತ ಅಂದುಕೊಳ್ಳಬೇಡಿ, ಎರಡನ್ನೂ ಅಳೆಯಿರಿ. ಮಾಸ್ಟ್ ನಿಂತಿರುವಾಗಲೇ ಬದಲಿಸುವುದಾದರೆ ಒಂದು ಸಲಕ್ಕೆ ಒಂದೇ ತಂತಿ. ಬಿಚ್ಚುವ ಮೊದಲು ಹ್ಯಾಲ್ಯಾರ್ಡನ್ನು, ಅಂದರೆ ಹಾಯಿ ಏರಿಸುವ ಹಗ್ಗವನ್ನು, ಅದೇ ಕಡೆಗೆ ಕಟ್ಟಿ ಬಿಗಿದುಕೊಳ್ಳಿ.

ಸ್ಟೀಲ್ ತಂತಿ ಎಷ್ಟು ಬಿಗಿಯಬೇಕು ಅಂತ ತಿಳಿಯಲು ಮೀಟರ್ ಬೇಕಿಲ್ಲ. ಶ್ರೌಡ್ ಸಡಿಲ ಇರುವಾಗ 2 ಮೀಟರ್ ಉದ್ದದ ಪಟ್ಟಿಯ ಮೇಲಿನ ತುದಿಯನ್ನು ತಂತಿಗೆ ಟೇಪ್ ಹಾಕಿ ಅಂಟಿಸಿ. ಪಟ್ಟಿಯ ಕೆಳತುದಿ ಬರುವ ಜಾಗಕ್ಕೆ ತಂತಿಯ ಮೇಲೆ ಗುರುತು ಹಾಕಿ. ಬಿಗಿಯುತ್ತಾ ಹೋದಂತೆ ಗುರುತು ಪಟ್ಟಿಯಿಂದ ಕೆಳಗೆ ಸರಿಯುತ್ತದೆ. 1×19 ತಂತಿಯಲ್ಲಿ 1 ಮಿ.ಮೀ. ಸರಿದರೆ ತುಂಡಾಗುವ ಬಲದ 5 ಶೇಕಡಾ ಬಿಗಿ. ಮೇಲ್ ಶ್ರೌಡ್‌ಗೆ 3 ಮಿ.ಮೀ., ಅಂದರೆ 15 ಶೇಕಡಾ, ಒಳ್ಳೆಯ ಆರಂಭ. 5 ಮಿ.ಮೀ. ತಂತಿಯಲ್ಲಿ ಅದು ಸುಮಾರು 300 ಕೆ.ಜಿ. ಎಳೆತ. 20 ಶೇಕಡಾ ದಾಟಬೇಡಿ. ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ, ಸಮನಾಗಿ ತಿರುಗಿಸಿ. ಆಗಾಗ ಮಾಸ್ಟಿನ ಬುಡದಲ್ಲಿ ಕೂತು ಹಾಯಿ ಜಾರುವ ತೋಡಿನ ಉದ್ದಕ್ಕೆ ಮೇಲೆ ನೋಡಿ, ನೇರ ಇದೆಯಾ ಅಂತ.

ಮೊದಲ ಸಲ ಒಳ್ಳೆಯ ಗಾಳಿಯಲ್ಲಿ ಹೋಗಿ ಬಂದ ಮೇಲೆ ಹೊಸ ತಂತಿ ಒಂದಿಷ್ಟು ಜೋತಿರುತ್ತದೆ. ಎಳೆಗಳು ತಮ್ಮ ಜಾಗದಲ್ಲಿ ಕೂರುವುದು ಆಗಲೇ. ಮತ್ತೆ ಪಟ್ಟಿ ಇಟ್ಟು ಬಿಗಿಯಿರಿ. ಸ್ಪ್ಲಿಟ್ ಪಿನ್‌ಗಳ ಕಾಲನ್ನು ಪೂರ್ತಿ ಹಿಂದಕ್ಕೆ ಮಡಚಬೇಡಿ, ತುಸು ಅಗಲಿಸಿದರೆ ಸಾಕು, ಬೇಕಾದಾಗ ಇಕ್ಕಳದಲ್ಲಿ ಎಳೆದರೆ ಬರಬೇಕು. ಚೂಪು ತುದಿ ಹಾಯಿಗೆ ತಾಗದ ಹಾಗೆ ಒಂದು ಸುತ್ತು ಟೇಪ್ ಹಾಕಿ, ಕೆಳಗಡೆ ಮಾತ್ರ ತೆರೆದೇ ಬಿಡಿ, ಒಳಗೆ ಹೋದ ನೀರು ಇಳಿದುಹೋಗಲಿ.